ಪಶುವೈದ್ಯರಿಗೆ ಮಾರಿದ ಬೈಕು

"ಭಾನುವಾರದೊಳಗೆ ಈ ಬೈಕನ್ನ ಮಾರಿಬಿಡ್ತೀನಿ. ನಾನು ಹೇಳಿದ ಮೇಲೆ ಮುಗೀತು."

ಬೀಗದಣ್ಣ ಈ ಘೋಷಣೆಯನ್ನು ಹೊರಡಿಸಿದ್ದು ಮಂಗಳವಾರ ಬೆಳಿಗ್ಗೆ ಎಂಟೂಕಾಲಕ್ಕೆ, ಮನೆಯ ಮುಂಗೋಣೆಯ ನಟ್ಟನಡುವೆ ನಿಂತು, ಬಲಗೈ ಎತ್ತಿ. ಸಿಂಹಾಸನ ಬಿಟ್ಟು ಕಾಡಿಗೆ ಹೊರಟ ಚಕ್ರವರ್ತಿಯ ಗತ್ತು ಆ ಮಾತಿನಲ್ಲಿತ್ತು. ಚಕ್ರವರ್ತಿಗಳು ಬನಿಯನ್ನಿನಲ್ಲಿದ್ದರು, ಎತ್ತಿದ ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷಿತ್ತು ಎನ್ನುವುದು ಬೇರೆ ಮಾತು.

ಅವನಿಗೆ ಮೂವತ್ತು ವರ್ಷದಿಂದ ಬೀಗ ರಿಪೇರಿಯ ಅಂಗಡಿ. ಬೀಗದಕೈ ಕಳೆದುಕೊಂಡವರು, ಒಳಗೆ ಇಟ್ಟು ಬಾಗಿಲೆಳೆದುಕೊಂಡವರು, ಸಿಟ್ಟಿನಲ್ಲಿ ಬಾವಿಗೆ ಎಸೆದವರು, ಎಲ್ಲರೂ ಓಡಿಬರುವುದು ಅವನ ಹತ್ತಿರವೇ. ಒಂದು ತಂತಿಯ ಚೂರಿನಿಂದ ಎಂಥ ಬೀಗವನ್ನೂ ಎರಡು ನಿಮಿಷದಲ್ಲಿ ಒಲಿಸಿಕೊಳ್ಳುತ್ತಿದ್ದ. ಅದರ ಫಲವಾಗಿ ಅವನಿಗೆ ಜಗತ್ತಿನ ಯಾವ ಬೀಗದ ಮೇಲೂ ನಂಬಿಕೆ ಉಳಿದಿರಲಿಲ್ಲ. ಮದುವೆಯಾದ ವರ್ಷ ಕೊಂಡ ಬೈಕನ್ನು ಇಪ್ಪತ್ತೆಂಟು ವರ್ಷದಲ್ಲಿ ಒಂದು ರಾತ್ರಿಯೂ ಬೀದಿಯಲ್ಲಿ ಬಿಟ್ಟವನಲ್ಲ. ಸಂಜೆಯಾದರೆ ಹೊಸ್ತಿಲಿಗೆ ಹಲಗೆ ಇಟ್ಟು, ಉಸಿರು ಬಿಗಿಹಿಡಿದು, ಅದನ್ನು ಮುಂಗೋಣೆಗೆ ಹತ್ತಿಸಿ, ಗೋಡೆಗೆ ಒರಗಿಸಿ, ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸುತ್ತಿದ್ದ.

ತೊಂದರೆಯೇನೆಂದರೆ ಆ ಮುಂಗೋಣೆ ಅವನ ಹೆಂಡತಿಯ ಹೊಲಿಗೆ ಅಂಗಡಿಯೂ ಆಗಿತ್ತು. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಎಡಗಡೆ ಯಂತ್ರ, ಬಲಗಡೆ ಬಟ್ಟೆ ಕತ್ತರಿಸುವ ಮೇಜು, ಎದುರಿಗೆ ಆಳೆತ್ತರದ ಕನ್ನಡಿ, ಮಧ್ಯೆ ಈ ಬೈಕು ಮಹಾಶಯ. ಬಂದವರು ಹ್ಯಾಂಡಲ್ಲಿಗೆ ಚೀಲ ನೇತುಹಾಕುತ್ತಿದ್ದರು. ಸೀಟಿನ ಅಂಚಿನಲ್ಲಿ ಹರಿದ ಒಂದು ಜಾಗವಿತ್ತು, ಅಲ್ಲಿ ಟೈಲರಮ್ಮ ಗುಂಡುಪಿನ್ನು ಚುಚ್ಚಿಡುತ್ತಿದ್ದಳು. ಹೀಗೆ ಸಂಸಾರ ನಡೆದುಕೊಂಡು ಹೋಗುತ್ತಿತ್ತು.

ಸೋಮವಾರ ಸಂಜೆ ಬ್ಯಾಂಕಿನ ಮ್ಯಾನೇಜರಮ್ಮ ತಮ್ಮ ಕೆನೆಬಣ್ಣದ, ಮಂಡಿಯುದ್ದದ ಹೊಸ ಕೋಟನ್ನು ತೊಟ್ಟು ನೋಡಲು ಬಂದರು. ತೊಟ್ಟರು, ಮೆಚ್ಚಿದರು, ಬೆನ್ನು ಹೇಗೆ ಕಾಣುತ್ತದೆಂದು ನೋಡಲು ಎರಡು ಹೆಜ್ಜೆ ಹಿಂದೆ ಸರಿದರು. ಹಿಂದೆ, ಬೆಡ್‌ಶೀಟಿನ ಅಂಚಿನಡಿ, ಬೈಕಿನ ಚೈನು ಕಾದು ಕೂತಿತ್ತು. ಕೋಟಿನ ಹಿಂಬದಿಗೆ ಬಿದ್ದ ಗ್ರೀಸಿನ ಪಟ್ಟೆ ಎಷ್ಟು ಉದ್ದವಿತ್ತೆಂದರೆ ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಡಿಸೈನು ಎಂದು ನಂಬಿಸಬಹುದಿತ್ತು. ಮ್ಯಾನೇಜರಮ್ಮ ಕೂಗಾಡಲಿಲ್ಲ. ಇಡೀ ಬ್ಯಾಂಕಿನ ನಲವತ್ತು ಸಮವಸ್ತ್ರದ ಕೋಟುಗಳ ಕೆಲಸವನ್ನು ಅವಳಿಗೇ ಕೊಡುವುದಾಗಿ ಹೇಳಿದ್ದವರು, ಹೋಗುವಾಗ "ನೋಡೋಣ" ಎಂದಷ್ಟೇ ಹೇಳಿ ಹೋದರು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಟೈಲರಮ್ಮ ಕೂಡ ಕೂಗಾಡಲಿಲ್ಲ, ಅಳಲಿಲ್ಲ. ಮರುದಿನ ಬೆಳಿಗ್ಗೆ, "ಇದಕ್ಕೆ ಬೇರೆ ಎಲ್ಲಾದ್ರೂ ಜಾಗ ನೋಡಬೇಕು ರೀ" ಎಂದಳು, ಅಷ್ಟೇ. "ಆಗಲಿ, ನೋಡ್ತೀನಿ" ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಬೀಗದಣ್ಣನಿಗೆ ಒಳಗೊಳಗೇ ತಪ್ಪಿನ ಅರಿವಾಗಿತ್ತು. ಅವನ ಜಾತಕವೇ ಹಾಗೆ, ತಪ್ಪಿನ ಅರಿವಾದಾಗಲೆಲ್ಲ ಎದೆ ಉಬ್ಬುತ್ತದೆ. ಉಬ್ಬಿದ ಎದೆಯಿಂದ ಮೇಲಿನ ಘೋಷಣೆ ಹೊರಬಿತ್ತು.

ಹೆಂಡತಿ ಹಲ್ಲಿನಲ್ಲಿ ದಾರ ಕಡಿದು ಅವನನ್ನು ನೋಡಿದಳು.

"ಅದು ನಿಮ್ಮ ಕೈಲಾಗೋ ಕೆಲಸ ಅಲ್ಲ ಬಿಡಿ. ಮಾರೋದೆಲ್ಲ ಬೇಡ, ಜಾಗ ನೋಡಿ ಸಾಕು."

ವ್ಯಂಗ್ಯವಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳು ಹೇಳಿದ್ದು ಕರುಣೆಯಿಂದ. ಅದೇ ಅವನಿಗೆ ನಾಟಿತು.

ಮೂರು ದಿನದಲ್ಲಿ ಮೂರು ಗಿರಾಕಿಗಳು ಬಂದರು. ಮೊದಲನೆಯವನು ಪೆಟ್ರೋಲ್ ಟ್ಯಾಂಕನ್ನು ಹಲಸಿನಕಾಯಿ ನೋಡುವವನ ಹಾಗೆ ತಟ್ಟಿ ನೋಡಿದ. ಅವನನ್ನು ಅಲ್ಲಿಂದಲೇ ಕಳಿಸಿದ್ದಾಯಿತು. ಎರಡನೆಯವನು ಗಾಡಿಯಲ್ಲಿ ಏನಾದರೂ ದೋಷವಿದೆಯೇ ಎಂದು ಕೇಳಿದ. ಬೀಗದಣ್ಣ ಇದ್ದ ದೋಷಗಳನ್ನೆಲ್ಲ ಹೇಳಿ, ಇಲ್ಲದ ಆರು ದೋಷಗಳನ್ನೂ ಸೇರಿಸಿದ. ಮೂರನೆಯವನು ಚೌಕಾಶಿಯನ್ನೇ ಮಾಡದೆ ಕೇಳಿದಷ್ಟು ಹಣವನ್ನು ಎಣಿಸತೊಡಗಿದಾಗ ಬೀಗದಣ್ಣ ಗಾಬರಿಬಿದ್ದ. ಇಷ್ಟು ಸಲೀಸಾಗಿ ದುಡ್ಡು ಬಿಡುವವನು ನಾಳೆ ಗಾಡಿಯನ್ನೂ ಹೀಗೇ ಬಿಟ್ಟಾನು ಎಂದು ತರ್ಕ ಹೂಡಿ, ಇವತ್ತು ಮುಹೂರ್ತ ಸರಿಯಿಲ್ಲವೆಂದು ಅವನನ್ನೂ ಸಾಗಹಾಕಿದ.

ಶುಕ್ರವಾರ ಊರಾಚೆ ಯಾವುದೋ ಕಾರ್ಖಾನೆಯ ಬೀಗ ಬಿಚ್ಚಲು ಹೋದವನಿಗೆ ಆ ಬೋರ್ಡು ಕಂಡಿತು. "ನಿಮ್ಮ ವಾಹನ, ನಮ್ಮ ಜೀವ." ಬಾಡಿಗೆ ಕೊಟ್ಟರೆ ಗಾಡಿ ಕಾಯುವ ಗೋದಾಮು ಅದು. ಒಳಗೆ ಸಾಲಾಗಿ ಗೂಡುಗಳು, ಪ್ರತಿ ಗೂಡಿಗೂ ನಂಬರು, ಕಬ್ಬಿಣದ ಶಟರು, ತಲೆಯ ಮೇಲೆಲ್ಲ ಕ್ಯಾಮೆರಾ, ಬಾಗಿಲಲ್ಲಿ ಹೆಬ್ಬೆರಳು ಒತ್ತುವ ಯಂತ್ರ. ಇವೆಲ್ಲದರ ಮೇಲೆ ಒಬ್ಬ ಮೇಲ್ವಿಚಾರಕಿ. ನಗುವುದಕ್ಕೂ ನಿಯಮಾವಳಿಯಲ್ಲಿ ಅವಕಾಶವಿದೆಯೇ ಎಂದು ನೋಡಿಕೊಂಡು ನಗುವಂಥವರು.

ಬೀಗದಣ್ಣ ತಾನು ಯಾರೆಂದು ಹೇಳಿಕೊಂಡು, ಒಂದು ಶಟರಿನ ಬೀಗವನ್ನು ಪರೀಕ್ಷಿಸಲು ಅಪ್ಪಣೆ ಕೇಳಿದ. ಮೇಲ್ವಿಚಾರಕಿ ಗಡಿಯಾರ ನೋಡಿ ಹತ್ತು ನಿಮಿಷ ಕೊಟ್ಟರು. ಅವನು ತಂತಿ ಹಾಕಿದ, ತಿರುವಿದ, ಕಿವಿಯಿಟ್ಟು ಕೇಳಿದ, ಬೆವರಿದ, ಬೇರೆ ತಂತಿ ಹಾಕಿದ. ಬೀಗ ಮಿಸುಕಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಸೋತ ಬೀಗದಣ್ಣನ ಕಣ್ಣು ತುಂಬಿಬಂತು. ಮಗಳಿಗೆ ಒಳ್ಳೆಯ ಮನೆ ಸಿಕ್ಕಿತೆಂದು ಸಮಾಧಾನಪಟ್ಟ ತಂದೆಯ ಹಾಗೆ ಅವನು ಆ ಬೀಗವನ್ನು ಸವರಿದ. ಮೂರು ಪುಟದ ಫಾರಂ ಕೊಟ್ಟರು, ಕೇಳಿದ್ದನ್ನೆಲ್ಲ ತುಂಬಿಸಿದ. ಬಾಡಿಗೆ ಅವನ ಅಂಗಡಿಯ ಬಾಡಿಗೆಯಷ್ಟೇ ಇತ್ತು. ಹೊಸ ಕೀ ಕತ್ತರಿಸುವ ಯಂತ್ರಕ್ಕೆಂದು ಕೂಡಿಟ್ಟಿದ್ದನ್ನು ತೆಗೆದು ಮುಂಗಡ ಕಟ್ಟಿದ.

ಆಗಲೂ ಮನೆಗೆ ಹೋಗಿ ನಿಜ ಹೇಳಬಹುದಿತ್ತು. ಜಾಗ ನೋಡಿ ಎಂದು ಅವಳೇ ಹೇಳಿದ್ದಳಲ್ಲ. ಆದರೆ ಮಾರುತ್ತೇನೆ ಎಂದು ಬ್ರಷ್ಷೆತ್ತಿ ಘೋಷಿಸಿದವನು, ನಿನ್ನ ಮಾತೇ ಸರಿ, ಅದು ನನ್ನ ಕೈಲಾಗಲಿಲ್ಲ ಎಂದು ಒಪ್ಪಿಕೊಳ್ಳುವುದುಂಟೇ?

ಶನಿವಾರ ಬೈಕು ಹೊರಟಾಗ ಟೈಲರಮ್ಮ ಬಾಗಿಲಿಗೆ ಬಂದಳು. ಸೀಟಿನ ಅಂಚಿನಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ಕಿತ್ತು ತನ್ನ ಅಂಗೈಗೆ ಹಾಕಿಕೊಂಡಳು. ಹನ್ನೊಂದಿದ್ದವು. ಆಮೇಲೆ ಸೀಟಿನ ಮೇಲೆ ಒಂದು ಕ್ಷಣ ಕೈಯಿಟ್ಟು, ಒಳಗೆ ಹೋದಳು. ಬೀಗದಣ್ಣ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಮಾರಲು ಹೊರಟಿಲ್ಲದವನಿಗೇ ಇಷ್ಟು ಸಂಕಟವಾದರೆ ನಿಜವಾಗಿ ಮಾರುವವರು ಹೇಗೆ ಬದುಕಿರುತ್ತಾರೋ ಎಂದುಕೊಂಡ.

ಬೈಕನ್ನು ಗೂಡಿಗೆ ಸೇರಿಸಿ ಬಸ್ಸಿನಲ್ಲಿ ಮರಳುವಾಗ ಎದುರಿಗೆ ಒಂದು ಭಿತ್ತಿಪತ್ರವಿತ್ತು. ನಾಯಿಗಳಿಗೆ ತಪ್ಪದೆ ಚುಚ್ಚುಮದ್ದು ಹಾಕಿಸಿ ಎಂದು ಬಿಳಿ ಕೋಟಿನ ವ್ಯಕ್ತಿಯೊಬ್ಬರು ಮಂದಹಾಸ ಬೀರುತ್ತಿದ್ದರು. ಹೀಗಾಗಿ ಮನೆಯಲ್ಲಿ "ಯಾರಿಗೆ ಕೊಟ್ರಿ?" ಎಂಬ ಪ್ರಶ್ನೆ ಬಂದಾಗ, "ಒಬ್ಬ ಪಶುವೈದ್ಯರಿಗೆ" ಎಂಬ ಉತ್ತರ ತಾನೇ ತಾನಾಗಿ ನಾಲಗೆಗೆ ಬಂತು. ಒಳ್ಳೆಯವರೇ ಎಂದು ಕೇಳಿದಳು. ತುಂಬ ಒಳ್ಳೆಯವರು ಎಂದ. ದುಡ್ಡು ಎಲ್ಲಿ ಎಂದು ಕೇಳಿದಳು. ಇದೊಂದನ್ನು ಅವನು ಯೋಚಿಸಿರಲಿಲ್ಲ.

"ಕಂತಿನಲ್ಲಿ ಕೊಡ್ತಾರೆ. ತಿಂಗಳು ತಿಂಗಳು."

ಅಲ್ಲಿಗೆ ಬೀಗದಣ್ಣನ ಆರ್ಥಿಕ ಸ್ಥಿತಿ ವಿಚಿತ್ರವಾಯಿತು. ತನ್ನ ಬೈಕಿಗೆ ಅತ್ತ ಬಾಡಿಗೆ ಕಟ್ಟಬೇಕು, ಇತ್ತ ಅದೇ ಬೈಕಿನ ಕಂತನ್ನು ಹೆಂಡತಿಯ ಕೈಗೆ ತಂದುಕೊಡಬೇಕು. ಮಧ್ಯಾಹ್ನದ ಟೀ ಬಿಟ್ಟ. ಬಸ್ಸಿನ ಎರಡು ಸ್ಟಾಪು ನಡೆಯತೊಡಗಿದ. ಬಾಡಿಗೆ ಕಟ್ಟಿ ಬೈಕು ಇಟ್ಟುಕೊಂಡೂ ನಡೆದು ಹೋಗುತ್ತಿದ್ದವನು ಆ ಊರಿನಲ್ಲಿ ಬಹುಶಃ ಅವನೊಬ್ಬನೇ.

ಅದಕ್ಕಿಂತ ಕಷ್ಟವಾದದ್ದು ಮನೆಯೊಳಗೆ. ಮುಂಗೋಣೆ ಖಾಲಿಯಾದದ್ದನ್ನು ಕಣ್ಣಾರೆ ನೋಡಿಹೋದ ಮ್ಯಾನೇಜರಮ್ಮ ನಲವತ್ತು ಕೋಟುಗಳ ಕೆಲಸವನ್ನು ಕಳಿಸಿಕೊಟ್ಟರು. ಟೈಲರಮ್ಮ ಬಂದ ಗಿರಾಕಿಗಳಿಗೆಲ್ಲ, ಅವನ ಕಿವಿಗೆ ಬೀಳುವ ಹಾಗೆ, ನಮ್ಮ ಮನೆಯವರು ನನ್ನ ಕೆಲಸಕ್ಕೋಸ್ಕರ ಜೀವದಂಥ ಗಾಡಿಯನ್ನೇ ಮಾರಿಬಿಟ್ಟರು ಎಂದು ಹೇಳುತ್ತಿದ್ದಳು. ಗಿರಾಕಿಗಳು ಅವನನ್ನು ಸಂತರನ್ನು ನೋಡುವಂತೆ ನೋಡಿದರು. ಸಂತರು ತಲೆತಗ್ಗಿಸಿ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದರು. ಇಪ್ಪತ್ತೆಂಟು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಅವಳು ತನ್ನನ್ನು ನಂಬುತ್ತಾಳೆ ಎನ್ನುವುದೊಂದೇ ಅವನು ಜೀವನದಲ್ಲಿ ಗಳಿಸಿದ ದೊಡ್ಡ ಆಸ್ತಿ. ಅದು ಎಲ್ಲಿ ಕೈಬಿಟ್ಟುಹೋಗುತ್ತದೋ ಎಂದು ಅವನು ರಾತ್ರಿ ಎರಡೆರಡು ಸಲ ಎದ್ದು ಬಾಗಿಲಿನ ಬೀಗ ಎಳೆದು ನೋಡುತ್ತಿದ್ದ.

ಗಾಡಿ ಹೋದ ಎರಡನೆಯ ದಿನವೇ ಅವಳು ಒಂದು ಕಾಗದವನ್ನು ಮಡಿಸಿ ಅವನ ಕೈಗಿಟ್ಟಿದ್ದಳು. ಡಾಕ್ಟರಿಗೆ ತಲುಪಿಸಬೇಕಂತೆ. ಗೋದಾಮಿಗೆ ಹೋಗಿ, ಬೈಕಿನ ಮೇಲೆ ಕೂತು, ಅದನ್ನು ಬಿಚ್ಚಿ ಓದಿದ.

"ಡಾಕ್ಟರಿಗೆ ನಮಸ್ಕಾರ. ಚಳಿ ಇದ್ದಾಗ ಗಾಡಿಗೆ ಮೂರು ಸಲ ಸುಮ್ಮನೆ ಕಿಕ್ ಹೊಡೆದು, ನಾಲ್ಕನೆಯ ಸಲ ಮನಸ್ಸಿಟ್ಟು ಹೊಡೆಯಿರಿ. ಬಯ್ದರೆ ಹೊರಡುವುದಿಲ್ಲ. ಬಲಗಡೆಯ ಕನ್ನಡಿ ಸಡಿಲ, ಅದನ್ನು ಬಿಗಿ ಮಾಡಬೇಡಿ, ಮುರಿಯುತ್ತದೆ. ಏರಿನಲ್ಲಿ ಸ್ವಲ್ಪ ಕೆಮ್ಮುತ್ತದೆ, ಹೆದರಬೇಡಿ. ಅದು ನಮ್ಮ ಮನೆಯಲ್ಲಿ ಒಬ್ಬರ ಹಾಗಿತ್ತು."

ಕೊನೆಯ ಸಾಲಿನ ಪಕ್ಕದಲ್ಲಿ ಶಾಯಿ ಕದಡಿತ್ತು. ಬೀಗದಣ್ಣ ದಂಗಾದ. ಅವಳು ಈ ಗಾಡಿಯನ್ನು ಸಹಿಸಿಕೊಂಡಿದ್ದಾಳೆ ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದ.

ಉತ್ತರ ಕೊಡದಿದ್ದರೆ ಡಾಕ್ಟರ ಮರ್ಯಾದೆ ಹೋಗುತ್ತದಲ್ಲ! ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಪೆನ್ನು ಹಿಡಿದ. ಒಂದು ಸಾಲು ಬರೆದು ಮುಗಿಸುವುದೆಂದು ಹೊರಟದ್ದು, ಎಡಗೈ ನಿಧಾನವಾದ್ದರಿಂದಲೋ ಏನೋ, ಬರೆಯುತ್ತ ಬರೆಯುತ್ತ ಬೇರೆಯೇ ದಾರಿ ಹಿಡಿಯಿತು.

"ಅಮ್ಮನವರೇ, ಹಿಂದಿನ ಸೀಟು ಎಡಗಡೆ ಮಾತ್ರ ಸವೆದಿದೆ. ನಿಮ್ಮ ಯಜಮಾನರನ್ನು ಕೇಳಿದೆ. ಇಪ್ಪತ್ತೆಂಟು ವರ್ಷ ಅಲ್ಲಿ ಕೂತವರು ಮುಂದಿನ ದಾರಿ ನೋಡಲು ಯಾವಾಗಲೂ ಎಡಕ್ಕೆ ವಾಲುತ್ತಿದ್ದರು, ಅವರ ಗಲ್ಲ ತನ್ನ ಭುಜಕ್ಕೆ ತಾಗುತ್ತಿತ್ತು, ಹಾಗಾಗಿ ತಾನು ಬೇಕೆಂದೇ ದೂರದ ದಾರಿ ಹಿಡಿಯುತ್ತಿದ್ದೆ ಎಂದರು. ಆ ಸೀಟನ್ನು ನಾನು ರಿಪೇರಿ ಮಾಡಿಸುವುದಿಲ್ಲ."

ಬರೆದದ್ದನ್ನು ಓದಿ ಅವನಿಗೇ ನಾಚಿಕೆಯಾಯಿತು. ಆದರೆ ಬರೆದವರು ಡಾಕ್ಟರಲ್ಲವೇ, ತನಗೇನಂತೆ ಎಂದು ಸಮಾಧಾನ ಮಾಡಿಕೊಂಡು ಮಡಿಸಿ ಜೇಬಿಗಿಟ್ಟ.

ಕಾಗದವನ್ನು ಹೆಂಡತಿ ಎರಡು ಸಲ ಓದಿದಳು. ನಂತರ ಬಹಳ ಹೊತ್ತು ಯಂತ್ರದ ಸದ್ದು ಕೇಳಿಸಲಿಲ್ಲ. ಅವತ್ತಿನಿಂದ ಪತ್ರವ್ಯವಹಾರ ಶುರುವಾಯಿತು. ವಾರಕ್ಕೊಂದು ಅವಳದು, ವಾರಕ್ಕೊಂದು ಡಾಕ್ಟರದು. ಪ್ರತಿ ಬುಧವಾರ ಬೀಗದಣ್ಣ ನಾಲ್ಕು ಗಂಟೆಗೇ ಅಂಗಡಿ ಮುಚ್ಚಿ ಗೋದಾಮಿಗೆ ಓಡುತ್ತಿದ್ದ. ಬೈಕು ಒರೆಸಿ, ಹಿಂದಿನ ಸೀಟಿಗೆ ಒರಗಿ ಕೂತು ಎಡಗೈಯಲ್ಲಿ ಬರೆಯುತ್ತಿದ್ದ. ಡಾಕ್ಟರು ಎಷ್ಟು ಸೊಗಸಾಗಿ ಬರೆಯುತ್ತಿದ್ದರು! ಹೊಲಿಗೆ ಯಂತ್ರದ ಸದ್ದು ನಿಂತರೆ ಪಕ್ಕದ ಕೋಣೆಯಲ್ಲಿ ಯಜಮಾನರಿಗೆ ಓದುತ್ತಿದ್ದ ಪೇಪರಿನ ಸಾಲು ತಪ್ಪಿಹೋಗುತ್ತದಂತೆ ಎಂದು ಒಮ್ಮೆ ಬರೆದರು. ನೀವು ಹಲ್ಲಿನಲ್ಲಿ ದಾರ ಕಡಿಯುವುದನ್ನು ನೋಡಿ ಅವರಿಗೆ ಇಂದಿಗೂ ಭಯವಂತೆ, ಆದರೂ ನೋಡುತ್ತಾರಂತೆ ಎಂದು ಇನ್ನೊಮ್ಮೆ ಬರೆದರು.

ಎಡವಟ್ಟಾದದ್ದು ಇಲ್ಲೇ. ಮನೆಯಲ್ಲಿ ಡಾಕ್ಟರ ಕೀರ್ತಿ ಏರತೊಡಗಿತು. ಊಟಕ್ಕೆ ಕೂತರೆ ಡಾಕ್ಟರ ಮಾತು, ಬಟ್ಟೆ ಮಡಿಸುವಾಗ ಡಾಕ್ಟರ ಗುಣಗಾನ. ಎಷ್ಟು ಸೂಕ್ಷ್ಮ ಮನಸ್ಸು ಅವರದು, ಕೆಲವರು ಕಣ್ಣೆದುರಿಗಿದ್ದರೂ ನೋಡುವುದಿಲ್ಲ ಎಂದು ಅವಳು ನಿಟ್ಟುಸಿರಿಟ್ಟಳು. ಬೀಗದಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದ.

"ಪ್ರಾಣಿಗಳ ಜೊತೆ ಇದ್ದು ಇದ್ದು ಹಾಗಾಗಿರಬೇಕು ಅವರು."

"ನೀವು ಬೀಗಗಳ ಜೊತೆ ಇದ್ದು ಇದ್ದು ಹೀಗಾದ ಹಾಗೆ."

ಆ ಕ್ಷಣದಿಂದ ಅವನಿಗೆ ಡಾಕ್ಟರ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ತಾನೇ ಹುಟ್ಟಿಸಿ, ತಾನೇ ಓದು ಕಲಿಸಿ, ತಾನೇ ಕೆಲಸ ಕೊಡಿಸಿದ ಮನುಷ್ಯ ತನ್ನ ಮನೆಯಲ್ಲೇ ತನ್ನನ್ನು ಮೂಲೆಗೆ ತಳ್ಳುತ್ತಿದ್ದಾನೆ! ಏನಾದರೂ ಮಾಡಿ ಅವರನ್ನು ಸಾಗಹಾಕಬೇಕೆಂದು ನಿರ್ಧರಿಸಿ, ಏಳನೆಯ ಕಾಗದದಲ್ಲಿ ಡಾಕ್ಟರಿಗೆ ಬಹುದೂರದ ಊರಿಗೆ ವರ್ಗ ಮಾಡಿಸಿದ. ಕೊಲ್ಲಿಸುವ ಯೋಚನೆಯೂ ಬಂದಿತ್ತು, ಆದರೆ ಕಂತುಗಳು ಬಾಕಿಯಿದ್ದವು.

ಟೈಲರಮ್ಮ ಕಾಗದ ಓದಿ, ಛೇ ಪಾಪ ಎಂದಳು. ಹೋಗುವ ಮುಂಚೆ ಅವರನ್ನು ಒಂದು ಊಟಕ್ಕೆ ಕರೆಯಲೇಬೇಕು, ನೆನಪಿಗೆ ತಾನೊಂದು ಶರಟು ಹೊಲಿದುಕೊಡುತ್ತೇನೆ ಎಂದು ಅಳತೆ ಟೇಪನ್ನು ಅವನ ಕೈಗೆ ಕೊಟ್ಟಳು. "ಅಳತೆ ತಗೊಂಡು ಬನ್ನಿ. ಕುತ್ತಿಗೆ, ಭುಜ, ಎದೆ, ತೋಳು. ಬಿಗಿ ಹಿಡೀಬೇಡಿ."

ಬೀಗದಣ್ಣ ಅಂಗಡಿಯಲ್ಲಿ ಕೂತು ಬಹಳ ಯೋಚಿಸಿದ. ಅಳೆಯಲು ಅವನ ಬಳಿ ಇದ್ದದ್ದು ಒಂದೇ ದೇಹ. ಕುತ್ತಿಗೆ, ಎದೆ, ತೋಳು ಹೇಗೋ ಮುಗಿದವು. ತನ್ನ ಬೆನ್ನಿಗೆ ತಾನೇ ಟೇಪು ಹಿಡಿಯಲಾಗದೆ ಭುಜವನ್ನು ಅಂದಾಜಿನಲ್ಲಿ ಬರೆದ. ಅವಳು ಚೀಟಿ ನೋಡಿ, ಸುಮಾರು ನಿಮ್ಮಷ್ಟೇ ಇದ್ದಾರೆ ಅಂದ ಹಾಗಾಯಿತು ಎಂದಳು. ಸುಮಾರಾಗಿ ಎಂದ.

ಮೂರು ದಿನದಲ್ಲಿ ಶರಟು ಸಿದ್ಧವಾಯಿತು. ತಿಳಿನೀಲಿ ಬಟ್ಟೆ, ಸಣ್ಣ ಬಿಳಿ ಗೆರೆ, ಪೆನ್ನಿಡಲು ಪ್ರತ್ಯೇಕ ಹೊಲಿಗೆ ಹಾಕಿದ ಜೇಬು. ಗಿರಾಕಿಗಳ ಕೆಲಸದ ಗಡಿಬಿಡಿಯಲ್ಲಿ ಅವಳು ಅವನಿಗೆ ಶರಟು ಹೊಲಿದು ಮೂರು ವರ್ಷವಾಗಿತ್ತು. ಅದನ್ನು ಕಾಗದದಲ್ಲಿ ಸುತ್ತಿ, "ಡಾಕ್ಟರಿಗೆ ಕೊಡಿ, ಹಾಕಿ ನೋಡಿ ಹೇಗಿದೆ ಅಂತ ಹೇಳಲಿ" ಎಂದಳು. ಇಂಥ ಶರಟು ಆ ನಾಯಿ ಡಾಕ್ಟರ ಪಾಲಾಯಿತಲ್ಲ ಎಂದು ಬೀಗದಣ್ಣ ಪೊಟ್ಟಣವನ್ನು ಗುರಾಯಿಸಿದ.

ಬುಧವಾರ ಗೋದಾಮಿಗೆ ಹೋದ. ನಿಯಮದಂತೆ ಮೊಬೈಲನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳು ಒತ್ತಿ, ತನ್ನ ಗೂಡಿಗೆ ಬಂದ. ಗೂಡಿನ ಎದುರಿಗೇ ಕ್ಯಾಮೆರಾ ಇದ್ದುದರಿಂದ ಬಟ್ಟೆ ಬದಲಿಸಲು ಸಂಕೋಚವಾಗಿ ಒಳಗಿನಿಂದ ಶಟರು ಎಳೆದುಕೊಂಡ. ಗಾಳಿಕಿಂಡಿಯಿಂದ ಬೀಳುತ್ತಿದ್ದ ಬೆಳಕಿನಲ್ಲಿ ಹಳೆಯ ಶರಟನ್ನು ಹ್ಯಾಂಡಲ್ಲಿನ ಮೇಲೆ ಹಾಕಿ, ಹೊಸದನ್ನು ತೊಟ್ಟು, ಬೈಕಿನ ಕನ್ನಡಿಯಲ್ಲಿ ತನ್ನನ್ನು ತುಂಡುತುಂಡಾಗಿ ನೋಡಿಕೊಂಡ. ಚೆನ್ನಾಗಿ ಕಾಣುತ್ತಿದ್ದ. ಸೀಟಿನ ಮೇಲೆ ಕೂತು, ಎಡಗೈಯಲ್ಲಿ ಪೆನ್ನು ಹಿಡಿದು, "ಅಮ್ಮನವರೇ, ಶರಟು" ಎಂದು ಬರೆಯುವಷ್ಟರಲ್ಲಿ ಖಟಕ್ ಎಂದು ಏನೋ ಬಿತ್ತು. ಮರುಕ್ಷಣ ಅಪಾಯದ ಗಂಟೆ ಬಡಿದು ಇಡೀ ಗೋದಾಮು ಊಳಿಡತೊಡಗಿತು.

ಹೊರಗಿನಿಂದ ಮೇಲ್ವಿಚಾರಕಿಯ ದನಿ ಕೇಳಿಸಿತು. ಶಟರು ಒಳಗಿನಿಂದ ಐದು ನಿಮಿಷಕ್ಕಿಂತ ಹೆಚ್ಚು ಮುಚ್ಚಿದರೆ ಕಳ್ಳನೆಂದು ಭಾವಿಸಿ ಬೀಗ ತಾನಾಗಿ ಬೀಳುತ್ತದೆಂದೂ, ಇದು ಹದಿನೇಳನೆಯ ನಿಯಮವೆಂದೂ, ಮೂರು ಪುಟದ ಫಾರಂನಲ್ಲಿ ಎರಡನೆಯ ಪುಟದ ಕೆಳಗಿದೆಯೆಂದೂ ವಿವರಿಸಿದರು. ಬೀಗದಣ್ಣ ಅವಸರದಲ್ಲಿ ಇಳಿಯಹೋಗಿ ಹಳೆಯ ಶರಟನ್ನು ಚೈನಿನ ಮೇಲೆ ಬೀಳಿಸಿದ. ಅದರ ಜೇಬಿನಿಂದ ತಂತಿ ತೆಗೆದು ಬೀಗಕ್ಕೆ ಮುಗಿಬಿದ್ದ. ಹೊರಗಿನಿಂದ ಒಲಿಯದ ಬೀಗ ಒಳಗಿನಿಂದಲೂ ಒಲಿಯಲಿಲ್ಲ. ತಂತಿ ತಾಗಿದ್ದಕ್ಕೆ ಇನ್ನೊಂದು ಗಂಟೆ ಸೇರಿಕೊಂಡು ಬಡಿಯತೊಡಗಿತು.

ಈಗ ತೆರೆಯಬೇಕಾದರೆ ಫಾರಂನಲ್ಲಿರುವ ಎರಡನೆಯ ವ್ಯಕ್ತಿಯ ಹೆಬ್ಬೆರಳು ಬೇಕೆಂದರು ಮೇಲ್ವಿಚಾರಕಿ. ಎರಡನೆಯ ವ್ಯಕ್ತಿ ಯಾರೆಂದು ಬೀಗದಣ್ಣ ಕೂಗಿ ಕೇಳಿದ. ನೀವೇ ಬರೆದಿದ್ದೀರಿ, ನಿಮ್ಮ ಹೆಂಡತಿ ಎಂದರು. ಆಗ ನೆನಪಾಯಿತು. ಎರಡನೆಯ ಫೋನ್ ನಂಬರು ಕೇಳಿದ್ದ ಖಾನೆಯಲ್ಲಿ, ಬಾಯಿಪಾಠ ಬರುತ್ತಿದ್ದ ಏಕೈಕ ನಂಬರನ್ನು ಯೋಚನೆಯೇ ಇಲ್ಲದೆ ಬರೆದಿದ್ದ. ಬೀಗದಣ್ಣ ಶಟರಿಗೆ ಬಾಯಿಟ್ಟು ಅಂಗಲಾಚಿದ. ಅವಳಿಗೆ ಮಾತ್ರ ಫೋನು ಮಾಡಬೇಡಿ, ಇಲ್ಲೊಂದು ಗಾಡಿ ಇದೆಯೆಂದು ಅವಳಿಗೆ ಗೊತ್ತೇ ಇಲ್ಲ.

ಹೊರಗೆ ಮೇಲ್ವಿಚಾರಕಿ ಫಾರಂನ ಪುಟ ತಿರುವಿದ ಸದ್ದು.

"ಗೊತ್ತಿಲ್ಲದೆ ಏನು ಸ್ವಾಮಿ? ಮೊದಲನೇ ವಾರವೇ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದಾರಲ್ಲ. ನೀವು ಬಂದಾಗಲೆಲ್ಲ ಅವರಿಗೆ ಮೆಸೇಜ್ ಹೋಗುತ್ತೆ. ಮಾಲೀಕನೇ ಕಳ್ಳನಾದರೆ ಅಂತ ನಮ್ಮಲ್ಲಿ ಹಾಗೊಂದು ವ್ಯವಸ್ಥೆ."

ಟೈಲರಮ್ಮ ಬಂದು ತಲುಪಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ಬೀಗದಣ್ಣ ತನ್ನ ಬೈಕಿನ ಪಕ್ಕ ನೆಲದ ಮೇಲೆ ಕೂತು, ಏಳು ಕಾಗದಗಳ ಒಂದೊಂದು ಸಾಲನ್ನೂ ನೆನೆದುಕೊಂಡು ಬಿಸಿಯಾದ, ತಣ್ಣಗಾದ, ಮತ್ತೆ ಬಿಸಿಯಾದ. ಸಂತರ ಕಥೆಯನ್ನು ಅವಳು ತನಗೆ ಕೇಳಿಸುವಂತೆ ಹೇಳಿದ್ದು ಏಕೆಂದು ಅರ್ಥವಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಹೆದರಿಕೆಯಾಗಿತ್ತು. ಇಷ್ಟು ದಿನ ಎಲ್ಲವನ್ನೂ ತಿಳಿದು ಸುಮ್ಮನಿದ್ದವಳು ಒಳಗೆ ಎಷ್ಟು ನೊಂದಿರಬಹುದು? ಬಂದವಳು ಒಂದು ಮಾತೂ ಆಡದೆ ತಿರುಗಿ ಹೊರಟುಬಿಟ್ಟರೆ? ಬಟ್ಟೆಯನ್ನಾದರೂ ಬದಲಿಸೋಣವೆಂದರೆ ಹಳೆಯ ಶರಟಿನ ತುಂಬ ಗ್ರೀಸು.

ಗಂಟೆ ನಿಂತಿತು. ಹೊರಗೆ ಮೇಲ್ವಿಚಾರಕಿ ಬನ್ನಿ ಅಮ್ಮ ಎಂದು ಬಳಕೆಯ ದನಿಯಲ್ಲಿ ಕರೆದದ್ದು ಕೇಳಿಸಿತು. ಶಟರು ನಿಧಾನವಾಗಿ ಮೇಲೆದ್ದಿತು. ಮೊದಲು ಅವಳ ಚಪ್ಪಲಿ ಕಂಡಿತು, ಆಮೇಲೆ ಸೀರೆಗೆ ಅಂಟಿದ ದಾರದ ಚೂರುಗಳು, ಆಮೇಲೆ ಕೊರಳಲ್ಲಿ ಜೋತುಬಿದ್ದ ಅಳತೆ ಟೇಪು. ಕೊನೆಗೆ ಮುಖ. ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಮಸ್ಕಾರ ಡಾಕ್ಟರೇ. ಭುಜದ ಹತ್ರ ಸ್ವಲ್ಪ ಬಿಗಿ ಆಯ್ತು ಅನ್ಸುತ್ತೆ. ಕೈ ಎತ್ತಿ ನೋಡೋಣ."

ಬೀಗದಣ್ಣ ಎರಡೂ ಕೈ ಎತ್ತಿ ನಿಂತ. ಶರಣಾಗತಿಗೂ ಅದೇ ಭಂಗಿಯಾದ್ದರಿಂದ ಬೇರೆ ಶ್ರಮ ಬೇಕಾಗಲಿಲ್ಲ. ಅವಳು ಗಂಭೀರವಾಗಿ ಕಂಕುಳ ಹೊಲಿಗೆ ಎಳೆದು ನೋಡಿ, ಒಂದು ಪಿನ್ನು ಚುಚ್ಚಿ ಗುರುತು ಮಾಡಿದಳು. ಮೇಲ್ವಿಚಾರಕಿ ನಿಯಮಾವಳಿಯನ್ನು ಲೆಕ್ಕಿಸದೆ ನಕ್ಕು, ಮುಖ ತಿರುಗಿಸಿ ಮೇಜಿನ ಕಡೆ ನಡೆದರು.

ಅವನು ತಪ್ಪಾಯಿತು ಎಂದ. ಮಾರಲು ಕೈ ಬರಲಿಲ್ಲ, ಬರಲಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ ಎಂದ.  ಅವಳು ಬೈಕಿನ ಹಿಂದಿನ ಸೀಟಿಗೆ ಒರಗಿ ನಿಂತು ಕೇಳಿಸಿಕೊಂಡಳು.

"ಮೊದಲನೇ ಕಾಗದ ನಾನು ನಿಜವಾಗ್ಲೂ ಅತ್ತುಕೊಂಡೇ ಬರೆದೆ" ಎಂದಳು. "ಅದನ್ನ ನಿಮ್ಮ ಕೈಗೆ ಕೊಟ್ಟ ಮೇಲೆ ಮೊಬೈಲು ನೋಡಿದೆ. ಮಾಲೀಕರು ಬಂದು ಗಾಡಿ ಪಕ್ಕ ಒಂದು ಗಂಟೆ ಇದ್ದರು ಅಂತ ಇತ್ತು. ಕತ್ತರಿ ಎತ್ತಿ ಎಸೆಯೋಣ ಅನ್ನಿಸ್ತು ನಿಮ್ಮ ಮೇಲೆ. ಎಸೀತಿದ್ದೆ. ಅಷ್ಟರಲ್ಲಿ ಡಾಕ್ಟರ ಉತ್ತರ ಬಂತು."

ಬೀಗದಣ್ಣ ತಲೆಯೆತ್ತಲಿಲ್ಲ. ಇವತ್ತೇ ಯಾರಿಗಾದರೂ ನಿಜವಾಗಿ ಮಾರಿಬಿಡುತ್ತೇನೆ, ಬೇಕಾದರೆ ಕಣ್ಣು ಮುಚ್ಚಿಕೊಂಡು ಮಾರುತ್ತೇನೆ ಎಂದ. ಬೇಡವೆಂದಳು. ಹಾಗಾದರೆ ಮನೆಗೇ ತಂದು ಹಿತ್ತಲಲ್ಲಿ ನಿಲ್ಲಿಸುತ್ತೇನೆ, ಕಳುವಾದರೆ ಆಗಲಿ ಎಂದ. ಮೂವತ್ತು ವರ್ಷದ ಬೀಗದವನ ಬಾಯಿಂದ ಬಂದ ಈ ಮಾತಿನ ಬೆಲೆ ಅವಳಿಗೆ ತಿಳಿದಿರಲೇಬೇಕು. ಆದರೂ ತಲೆಯಾಡಿಸಿದಳು. ಚೀಲದಿಂದ ಒಂದು ಲಕೋಟೆ ತೆಗೆದು ಮೇಲ್ವಿಚಾರಕಿಯ ಮೇಜಿನ ಮೇಲಿಟ್ಟಳು. ಡಾಕ್ಟರ ಹೆಸರಿನಲ್ಲಿ ಅವನು ತಿಂಗಳು ತಿಂಗಳು ತಂದುಕೊಟ್ಟ ಕಂತುಗಳು ಮುಟ್ಟದೆ ಹಾಗೇ ಇದ್ದವು. ಗೂಡನ್ನು ಇನ್ನೂ ಮುಂದುವರಿಸಿ ಎಂದು ರಸೀದಿ ಬರೆಸಿಕೊಂಡಳು.

ಬೀಗದಣ್ಣನ ಎದೆ ತುಂಬಿ ಉಕ್ಕಿತು. ಇಷ್ಟೆಲ್ಲ ಆದ ಮೇಲೂ ನನಗೋಸ್ಕರ ಗಾಡಿ ಉಳಿಸಿಕೊಟ್ಟೆಯಲ್ಲ ಎಂದು ಅವಳ ಕೈ ಹಿಡಿದ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ರಸೀದಿಯನ್ನು ಮಡಿಸಿ, ಅವನು ತೊಟ್ಟಿದ್ದ ಹೊಸ ಶರಟಿನ ಜೇಬಿಗೆ ತುರುಕಿದಳು.

"ನಿಮಗೋಸ್ಕರ ಅಲ್ಲ. ಇಪ್ಪತ್ತೆಂಟು ವರ್ಷದಲ್ಲಿ ನೀವು ನನಗೆ ಬರೆದಿದ್ದು ಒಂದೇ ಚೀಟಿ, 'ಬೀಗ ಹಾಕಿಕೋ, ಬರೋದು ತಡ' ಅಂತ. ಆ ಮನುಷ್ಯ ಎರಡು ತಿಂಗಳಲ್ಲಿ ಏಳು ಕಾಗದ ಬರೆದ್ರು. ಗಾಡಿ ಮನೆಗೆ ಬಂದುಬಿಟ್ರೆ ಅವರು ಇನ್ಯಾಕೆ ಬರೀತಾರೆ? ನೀವು ಮನೆಗೆ ಹೊರಡಿ, ಡಾಕ್ಟರು ಇಲ್ಲೇ ಇರಲಿ. ಅವರ ವರ್ಗ ರದ್ದಾಗಿದೆ ಅಂತ ಹೇಳಿಬಿಡಿ."